ಹಟ್ಟಿ ನೀರಿನ ಹೊಂಡ ಸೋರುತ್ತಿದೆಯಾ? ಪತ್ತೆ ಹಚ್ಚುವ ಬಗೆ

ಉಡುಪಿ ಕಡೆಯ ದೊಡ್ಡ ಹಟ್ಟಿಗಳಲ್ಲಿ, ಅಂದರೆ ದನದ ಕೊಟ್ಟಿಗೆಗಳಲ್ಲಿ, ಸೆಗಣಿ, ಗಂಜಲ, ತೊಳೆದ ನೀರು ಎಲ್ಲ ಒಂದು ಹೊಂಡ ಸೇರುತ್ತದೆ. ಅಲ್ಲೇ ಸುತ್ತಮುತ್ತಲಿನ ಮನೆಗಳಿಗೆ ಕುಡಿಯಲು ಅಂಗಳದ ಬಾವಿಯೇ ಗತಿ. ನಡುವೆ ಇರುವುದು ಮುರಕಲ್ಲು, ಅಂದರೆ ಲ್ಯಾಟರೈಟ್, ಮೈತುಂಬ ತೂತು. ಸೋರಿದ್ದು ಬಾವಿ ಮುಟ್ಟಲು ತುಂಬ ಕಾಲ ಬೇಡ. ಈ ಪಾಠವನ್ನು ಸುಮ್ನೆ ಪರೀಕ್ಷೆಗೆ ಓದಿ ಬಿಡಬೇಡಿ.

ಮೊದಲು ಮಟ್ಟದ ಲೆಕ್ಕ. ಹೊಂಡಕ್ಕೆ ನೀರು ಬಿಡುವುದನ್ನು ನಿಲ್ಲಿಸಿ, ಮಟ್ಟ ಎಷ್ಟು ಇಳಿಯಿತು ನೋಡಿ. ಅದರಲ್ಲಿ ಆವಿಯಾದದ್ದನ್ನು ಕಳೆದರೆ ಉಳಿದದ್ದು ಸೋರಿಕೆ. 10 ಮೀಟರ್ ಉದ್ದ, 10 ಮೀಟರ್ ಅಗಲದ ಹೊಂಡದಲ್ಲಿ 1 ಮಿಲಿಮೀಟರ್ ಇಳಿದರೆ 100 ಲೀಟರ್ ಹೋಯಿತು ಅಂತ ಅರ್ಥ. ಕಣ್ಣಿಗೆ ಗೊತ್ತೇ ಆಗದು, ಅಲ್ವಾ? ದಿನಾ ಹೀಗಾದರೆ ವರ್ಷಕ್ಕೆ 36,500 ಲೀಟರ್.

ಕಷ್ಟ ಇರುವುದು ಆವಿಯ ಲೆಕ್ಕದಲ್ಲಿ. ಅದಕ್ಕೇ ರಾತ್ರಿ ಅಳೆಯುತ್ತಾರೆ. ಆಗ ಬಿಸಿಲಿಲ್ಲ, ಆವಿಯಾಗುವುದು ಕಡಿಮೆ. ಒಂದು ಟಬ್‌ನಲ್ಲಿ ಅದೇ ನೀರು ತುಂಬಿ ಹೊಂಡದಲ್ಲೇ ತೇಲಿಬಿಟ್ಟರೆ ಇನ್ನೂ ಒಳ್ಳೆಯದು. ಟಬ್‌ನೊಳಗೆ ಇಳಿದದ್ದು ಆವಿ ಮಾತ್ರ. ಮಳೆಗಾಲದಲ್ಲಿ ಇದು ನಡೆಯದು. ಮೇಲಿಂದ ಮಳೆ, ಜೊತೆಗೆ ನೆಲದಡಿಯ ನೀರೂ ಏರಿ ಹೊಂಡದ ತಳಕ್ಕೆ ಒತ್ತಬಹುದು. ಡಿಸೆಂಬರಿನಿಂದ ಫೆಬ್ರವರಿವರೆಗೆ ಸರಿಯಾದ ಕಾಲ.

ಇನ್ನು ಬಾವಿ ನೀರು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಹಾಲು ಕುಡಿಯುವ ಕೂಸುಗಳಿಗೆ ಅದು ಅಪಾಯ: ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಂತ ನೈಟ್ರೇಟ್ ಇಲ್ಲ, ಹೊಂಡ ಗಟ್ಟಿಯಿದೆ ಅಂದುಕೊಳ್ಳುವುದು ತಪ್ಪು. ಹೊಂಡದಲ್ಲಿರುವ ಸಾರಜನಕ ಹೆಚ್ಚಿನದು ಅಮೋನಿಯಂ ರೂಪದಲ್ಲಿರುತ್ತದೆ. ಅದು ಮಣ್ಣಿಗೆ ಅಂಟಿಕೊಳ್ಳುತ್ತದೆ, ಗಾಳಿ ಸಿಕ್ಕಿದ ಮೇಲಷ್ಟೇ ನೈಟ್ರೇಟ್ ಆಗುತ್ತದೆ. ಗಂಜಲದ ಉಪ್ಪಿನಲ್ಲಿರುವ ಕ್ಲೋರೈಡ್ ಹಾಗಲ್ಲ. ಎಲ್ಲೂ ನಿಲ್ಲದೆ ನೀರಿನ ಜೊತೆಗೇ ಓಡುತ್ತದೆ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಕ್ಲೋರೈಡ್ ಮತ್ತು ನೀರಿನ ವಿದ್ಯುತ್ ವಾಹಕತೆ; ಲವಣ ಹೆಚ್ಚಿದಷ್ಟೂ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ.

ಆದರೆ ಮಲ್ಪೆ, ಪಣಂಬೂರಿನಂಥ ಕಡಲತೀರದಲ್ಲಿ ಉಪ್ಪುನೀರೂ ಕ್ಲೋರೈಡ್ ತರುತ್ತದೆ. ಹೊಂಡಕ್ಕಿಂತ ಮೇಲಿನ ಒಂದು ಬಾವಿ, ಕೆಳಗಿನ ಎರಡು ಬಾವಿ ಹೋಲಿಸದೆ ಏನನ್ನೂ ಹೇಳಬೇಡಿ. ಶೌಚಾಲಯದ ಗುಂಡಿ ಹತ್ತಿರವಿದ್ದರೆ ಅದನ್ನೂ ಗುರುತು ಮಾಡಿಕೊಳ್ಳಿ.

ಜಾಗ ಅಗೆಯದೆ ನೋಡಲು ವಿದ್ಯುತ್ ರೋಧದ ಸರ್ವೆ ಇದೆ: ನೆಲಕ್ಕೆ ವಿದ್ಯುತ್ ಹರಿಸಿ, ನೆಲ ಅದನ್ನು ಎಷ್ಟು ತಡೆಯುತ್ತದೆ ಅಂತ ಅಳೆಯುವುದು. ಲವಣ ತುಂಬಿದ ನೀರು ಸೇರಿದ ನೆಲದಲ್ಲಿ ರೋಧ ಕಡಿಮೆ. ಮುರಕಲ್ಲಿನಡಿಯ ಶೇಡಿ ಮಣ್ಣಿನಲ್ಲೂ, ಅಂದರೆ ಮೆತ್ತನೆಯ ಜೇಡಿಯಲ್ಲೂ, ರೋಧ ಕಡಿಮೆಯೇ, ಅದರಿಂದ ಮೋಸ ಹೋಗಬಹುದು. ಹೊಂಡ ತುಂಬಿಸುವ ಮೊದಲೇ ಒಮ್ಮೆ ಸರ್ವೆ ಮಾಡಿಟ್ಟುಕೊಂಡರೆ, ಆಮೇಲೆ ಬದಲಾದ ಜಾಗ ಯಾವುದು ಅಂತ ತಿಳಿಯುತ್ತದೆ.