ಎಣ್ಣೆ ತೆಗೆದ ಗೊನೆಯಿಂದ ಹಲಗೆ: ಮಲೇಷ್ಯಾದ ನಾರಿನ ಕತೆ

ಎಣ್ಣೆತಾಳೆಯ ಗೊನೆಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದು ಬರಿಗೈಲಿ ಎತ್ತುವಂಥದ್ದಲ್ಲ. ಮೈತುಂಬ ಮುಳ್ಳು. ಮುಳ್ಳಿನ ಸಂದಿಯಲ್ಲಿ ಕೆಂಪು ಹಣ್ಣುಗಳು ಒತ್ತೊತ್ತಾಗಿ ಕೂತಿರುತ್ತವೆ. ಮಿಲ್ಲಿನಲ್ಲಿ ಗೊನೆಯನ್ನು ಹಬೆಯಲ್ಲಿ ಬೇಯಿಸಿ, ದೊಡ್ಡ ಡ್ರಮ್ಮಿನೊಳಗೆ ಉರುಳಿಸಿ ಹಣ್ಣು ಉದುರಿಸುತ್ತಾರೆ. ಕೊನೆಗೆ ಉಳಿಯುವುದು ಒದ್ದೆ ನಾರಿನ ಒಂದು ಕಂದು ಮುದ್ದೆ. ಮಲಯ ಭಾಷೆಯಲ್ಲಿ ಅದಕ್ಕೆ 'ತಂಡನ್ ಕೊಸೊಂಗ್' ಅನ್ನುತ್ತಾರೆ. ಖಾಲಿ ಗೊನೆ ಅಂತಲೇ ಅರ್ಥ.

100 ಟನ್ ಗೊನೆ ಮಿಲ್ಲಿಗೆ ಬಂದರೆ ಸಿಗುವ ಎಣ್ಣೆ ಸುಮಾರು 20 ಟನ್. ಖಾಲಿ ಗೊನೆಯೂ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಎಣ್ಣೆಗೆ ಸಮನಾಗಿ ಬೀಳುವ ಈ ನಾರನ್ನು ಏನು ಮಾಡುವುದು? ಹಲಗೆ ಮಾಡಿ ಅನ್ನುವುದು ಬಹಳ ಹಿಂದೆಯೇ ಬಂದ ಉತ್ತರ. ಆ ಉತ್ತರ ಯಾಕೆ ಬಂತು ಅಂತ ತಿಳಿಯಬೇಕಾದರೆ ರಬ್ಬರ್ ತೋಟಕ್ಕೆ ಹೋಗಬೇಕು.

ಎಣ್ಣೆತಾಳೆ ಮಲೇಷ್ಯಾದ ಮರ ಅಲ್ಲ. ಅದರ ತವರು ಪಶ್ಚಿಮ ಆಫ್ರಿಕಾ. 1848ರಲ್ಲಿ ನಾಲ್ಕು ಸಸಿ ಜಾವಾದ ಬೋಗೋರ್ ಸಸ್ಯೋದ್ಯಾನಕ್ಕೆ ಬಂದವು. 1917ರಲ್ಲಿ ಸೆಲಾಂಗೂರಿನ ಟೆನ್ನಮರಮ್ ಎಸ್ಟೇಟಿನಲ್ಲಿ ವ್ಯಾಪಾರಕ್ಕೆಂದು ಬೆಳೆಯುವುದು ಶುರುವಾಯಿತು. ಆದರೆ ಆಗ ಎಲ್ಲೆಲ್ಲೂ ರಬ್ಬರಿನದೇ ಕಾರುಬಾರು. 1960ರಲ್ಲಿ ಕೂಡ ಎಣ್ಣೆತಾಳೆ ಇದ್ದದ್ದು ಸುಮಾರು 54,000 ಹೆಕ್ಟೇರಿನಲ್ಲಿ ಮಾತ್ರ.

ರಬ್ಬರ್ ಮರಕ್ಕೂ ಆಗ 'ತ್ಯಾಜ್ಯ' ಅನ್ನುವ ಹೆಸರೇ ಇತ್ತು. 25-30 ವರ್ಷ ಹಾಲು ಕೊಟ್ಟು ಸುಸ್ತಾದ ಮರವನ್ನು ಕಡಿದು ಸುಡುತ್ತಿದ್ದರು, ಇಲ್ಲವೇ ಸೌದೆ ಮಾಡುತ್ತಿದ್ದರು. ಕಡಿದ ಕೆಲವೇ ದಿನಕ್ಕೆ ಬೂಷ್ಟು, ಹುಳು ಹತ್ತುವ ಮರ ಅದು. ಬೋರಾನ್ ಲವಣದಲ್ಲಿ ನೆನೆಸಿ ಚೆನ್ನಾಗಿ ಒಣಗಿಸುವುದನ್ನು ಕಲಿತ ಮೇಲೆ ಅದೇ ಮರ ಪೀಠೋಪಕರಣವಾಗಿ ಹೊರದೇಶಕ್ಕೆ ಹೊರಟಿತು. ಉಳಿದ ಕೊಂಬೆ, ತುಂಡು ಎಂಡಿಎಫ್ ಕಾರ್ಖಾನೆಗೆ ಹೋದವು. ನಮ್ಮ ಮನೆಯ ಟಿವಿ ಸ್ಟ್ಯಾಂಡ್, ವಾರ್ಡ್‌ರೋಬ್ ಬಾಗಿಲಿಗೆ ಬಳಸುವ ಹಲಗೆಯೇ ಈ ಎಂಡಿಎಫ್. ಮರದ ಚೂರನ್ನು ಹಬೆಯಲ್ಲಿ ಬೇಯಿಸಿ, ಬೀಸುಕಲ್ಲಿನಂಥ ಎರಡು ಲೋಹದ ತಟ್ಟೆಗಳ ನಡುವೆ ಅರೆದು ನಾರು ಮಾಡುತ್ತಾರೆ. ಅದಕ್ಕೆ ಅಂಟು ಸೇರಿಸಿ, ಒಣಗಿಸಿ, ಹಾಸಿಗೆಯಂತೆ ಹರಡಿ, ಬಿಸಿ ಪ್ರೆಸ್ಸಿನಲ್ಲಿ ಒತ್ತುತ್ತಾರೆ.

ಅಷ್ಟರಲ್ಲಿ ತೋಟಗಳೇ ಬದಲಾಗತೊಡಗಿದ್ದವು. ರಬ್ಬರ್ ಬೆಲೆಯ ಏರಿಳಿತ ಸಾಕಾಗಿ, ಕೂಲಿ ಆಳೂ ಸಿಗದೆ, ಎಸ್ಟೇಟುಗಳು ರಬ್ಬರ್ ಕಡಿದು ಎಣ್ಣೆತಾಳೆ ನೆಟ್ಟವು. 1990ರ ಆಸುಪಾಸಿನಲ್ಲಿ ಎಣ್ಣೆತಾಳೆಯ ವಿಸ್ತೀರ್ಣ ರಬ್ಬರನ್ನು ದಾಟಿತು. ಇವತ್ತು ಅದು 50 ಲಕ್ಷ ಹೆಕ್ಟೇರಿಗೂ ಜಾಸ್ತಿ. ಹಲಗೆ ಕಾರ್ಖಾನೆಗೆ ಬೇಕಾದ ಮರ ಕಮ್ಮಿಯಾಗುತ್ತಿತ್ತು, ಆ ಮರದ ಜಾಗಕ್ಕೆ ಬಂದ ಬೆಳೆಯ ನಾರು ಮಿಲ್ಲಿನ ಹಿಂದೆ ಗುಡ್ಡೆ ಬೀಳುತ್ತಿತ್ತು. ಎರಡನ್ನೂ ಜೋಡಿಸಬೇಕು ಅಂತ ಅನ್ನಿಸುವುದು ಸಹಜ ಅಲ್ವಾ? ಕೆಪೋಂಗಿನ ಅರಣ್ಯ ಸಂಶೋಧನಾ ಸಂಸ್ಥೆಯವರೂ, 1979ರಲ್ಲಿ ಹುಟ್ಟಿದ ತಾಳೆ ಎಣ್ಣೆ ಸಂಶೋಧನಾ ಸಂಸ್ಥೆಯವರೂ ಇದರ ಬೆನ್ನು ಹತ್ತಿದರು.

ಹಲಗೆ ಆಯಿತು. ಗಟ್ಟಿಯಾಗಿಯೂ ಬಂತು. ತೊಡಕು ಇದ್ದದ್ದು ನಾರಿನ ಗುಣದಲ್ಲಿ.

ಮೊದಲನೆಯದು ನೀರು. ಮಿಲ್ಲಿಂದ ಹೊರಬಿದ್ದ ಖಾಲಿ ಗೊನೆಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ಲಾರಿಯಲ್ಲಿ ಸಾಗಿಸಿದರೆ ನೀರಿಗೇ ಬಾಡಿಗೆ ಕೊಟ್ಟ ಹಾಗೆ. ಆಮೇಲೆ ಎಣ್ಣೆ. ಹಬೆಯಲ್ಲಿ ಬೆಂದಾಗ, ಡ್ರಮ್ಮಿನಲ್ಲಿ ಉರುಳಿದಾಗ ಹಣ್ಣಿನ ಎಣ್ಣೆ ನಾರಿಗೆ ಮೆತ್ತಿಕೊಳ್ಳುತ್ತದೆ. ಎಣ್ಣೆ ಕೈಗೆ ಟೇಪ್ ಅಂಟುವುದಿಲ್ಲವಲ್ಲ, ಇಲ್ಲೂ ಅದೇ ಕತೆ. ಅಂಟು ಸರಿಯಾಗಿ ಹಿಡಿಯದ ಹಲಗೆ ನೀರು ತಾಗಿದರೆ ಊದಿಕೊಳ್ಳುತ್ತದೆ. ನಾರನ್ನು ಹಿಂಡಬೇಕು, ಬಿಸಿನೀರಿನಲ್ಲೋ ತೆಳು ಕಾಸ್ಟಿಕ್ ಸೋಡಾದಲ್ಲೋ ತೊಳೆಯಬೇಕು. ತೊಳೆದ ಕೊಳೆನೀರಿಗೆ ಮತ್ತೊಂದು ದಾರಿ ಹುಡುಕಬೇಕು.

ಮೂರನೆಯದು ನನಗೆ ತುಂಬ ಕುತೂಹಲ ಹುಟ್ಟಿಸಿದ್ದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ನಾರಿನ ಎಳೆ ನೋಡಿದರೆ ಮೈಮೇಲೆ ಸಾಲಾಗಿ ಚಿಕ್ಕ ಚಿಕ್ಕ ಗುಳಿಗಳು. ಒಂದೊಂದರಲ್ಲೂ ಮುಳ್ಳುಮುಳ್ಳಾದ ಒಂದು ಉಂಡೆ, ಕದಂಬದ ಹೂವಿನ ಹಾಗೆ. ಅದು ಸಿಲಿಕಾ, ಮರಳಿನಲ್ಲಿರುವ ಅದೇ ವಸ್ತು. ಮರ ಮಣ್ಣಿನಿಂದ ಹೀರಿ ಅಲ್ಲಿ ಕೂರಿಸಿರುತ್ತದೆ. ಕಣ್ಣಿಗೆ ಕಾಣದ ಈ ಉಂಡೆಗಳೇ ಗರಗಸದ ಹಲ್ಲನ್ನೂ ಅರೆಯುವ ತಟ್ಟೆಯನ್ನೂ ಸವೆಸಿಬಿಡುತ್ತವೆ. ಹಾಗಾಗಿ ಈ ನಾರೊಂದನ್ನೇ ಬಳಸುವ ಬದಲು ರಬ್ಬರ್ ಮರದ ನಾರಿನ ಜೊತೆ ಬೆರೆಸುವ ಪ್ರಯೋಗಗಳೂ ನಡೆದವು.

ಪುಕ್ಕಟೆ ನಾರು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲೆಲ್ಲ ಖಾಲಿ ಗೊನೆಯನ್ನು ಮಿಲ್ಲಿನಲ್ಲೇ ಸುಟ್ಟು ಬೂದಿಯನ್ನು ತೋಟಕ್ಕೆ ಹಾಕುತ್ತಿದ್ದರು, ಯಾಕೆಂದರೆ ಅದರಲ್ಲಿ ಪೊಟ್ಯಾಶ್ ತುಂಬಿತ್ತು. ಹೊಗೆಯ ಕಾಟಕ್ಕೆ ಸುಡುವುದರ ಮೇಲೆ ಕಡಿವಾಣ ಬಿದ್ದ ಮೇಲೆ ಗೊನೆಯನ್ನು ಹಾಗೇ ಮರದ ಸಾಲಿನ ನಡುವೆ ಮುಚ್ಚಿಗೆಯಾಗಿ ಹರಡತೊಡಗಿದರು. ಅಂದರೆ ಹಲಗೆಯವರು ಕೇಳುತ್ತಿರುವುದು ತೋಟದ ಗೊಬ್ಬರವನ್ನು. ಈಗ ಒಣಗಿಸಿದ ಉದ್ದ ನಾರಿಗೆ ಚೀನಾದ ಹಾಸಿಗೆ ತಯಾರಕರು ಗಿರಾಕಿಗಳು. ಇಂಧನದ ಗುಳಿಗೆ ಮಾಡುವವರೂ ಸಾಲಿನಲ್ಲಿದ್ದಾರೆ. ಹಲಗೆ ಇವರೆಲ್ಲರ ಜೊತೆ ಬೆಲೆಯಲ್ಲಿ ಪೈಪೋಟಿ ಮಾಡಬೇಕು.

ನಮ್ಮ ಅಡಿಕೆಯೂ ತಾಳೆಯ ಕುಟುಂಬದ್ದೇ. ಸುಗ್ಗಿಯಲ್ಲಿ ಮಲೆನಾಡಿನ ರಸ್ತೆ ಬದಿ ಸುರಿದ ಸಿಪ್ಪೆಯ ರಾಶಿ, ಅದಕ್ಕೆ ಬೆಂಕಿಯಿಟ್ಟ ಹೊಗೆ ನೋಡಿದಾಗೆಲ್ಲ ಇದರಿಂದಲೂ ಹಲಗೆ ಮಾಡಬಾರದೇ ಅನ್ನಿಸುತ್ತದೆ. ನಾರಿಗೇನೂ ಕೊರತೆಯಿಲ್ಲ. ಆದರೆ ಮಲೇಷ್ಯಾದಲ್ಲಿ ಗೊನೆ ಎಣ್ಣೆಗೋಸ್ಕರ ವರ್ಷವಿಡೀ ಮಿಲ್ಲಿನ ಬಾಗಿಲಿಗೇ ಬರುತ್ತದೆ, ಲಾರಿ ಬಾಡಿಗೆಯನ್ನು ಎಣ್ಣೆಯೇ ಕೊಟ್ಟಿರುತ್ತದೆ. ಇಲ್ಲಿ ಅಡಿಕೆ ಸುಲಿಯುವುದು ಊರೂರಿನ ಅಂಗಳದಲ್ಲಿ, ಅದೂ ಸುಗ್ಗಿಯ ಕೆಲವು ತಿಂಗಳು ಮಾತ್ರ. ಹಗುರವಾದ, ಜಾಗ ತಿನ್ನುವ ಆ ಸಿಪ್ಪೆಯನ್ನು ಒಂದು ಕಡೆ ಸೇರಿಸುವ ಖರ್ಚನ್ನು ಮೊದಲು ಲೆಕ್ಕ ಹಾಕಬೇಕು, ಪ್ರೆಸ್ಸಿನ ಖರ್ಚು ಆಮೇಲೆ.