ಉಳುಕಿದ ಪಾದ: ನೋವು ಹೋದ ಮೇಲೂ ಉಳಿಯುವ ಕೆಲಸ

ವಾಲಿಬಾಲ್ ಆಟದಲ್ಲಿ ಜಿಗಿದು ಇಳಿಯುವಾಗ ಇನ್ನೊಬ್ಬರ ಪಾದದ ಮೇಲೆ ಕಾಲು ಬೀಳುತ್ತದೆ, ಅಂಗಾಲು ಒಳಕ್ಕೆ ತಿರುಗಿ ಪಾದ ಮಗುಚುತ್ತದೆ. ‘ನರ ಹೊರಳಿದೆ’ ಎನ್ನುವುದು ನಮ್ಮಲ್ಲಿ ರೂಢಿ. ನರಕ್ಕೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಪಾದದ ಹೊರಗಂಟಿನ ಸುತ್ತ ಮೂಳೆಗೆ ಮೂಳೆಯನ್ನು ಬಿಗಿದಿಡುವ ಮೂರು ಲಿಗಮೆಂಟ್‌ಗಳಿವೆ. ಪೆಟ್ಟು ಬೀಳುವುದು ಅವಕ್ಕೆ. ಮುಂಭಾಗದ್ದು ಎಲ್ಲಕ್ಕಿಂತ ದುರ್ಬಲ, ಮೊದಲು ಹರಿಯುವುದೂ ಅದೇ. ಎಂಆರ್‌ಐ ವರದಿಯಲ್ಲಿ ‘ಕಂಪ್ಲೀಟ್ ಟೇರ್’ (ಪೂರ್ತಿ ಹರಿದಿದೆ) ಎಂದಿದ್ದರೂ ಬಹುತೇಕರಿಗೆ ಆಪರೇಷನ್ ಬೇಕಾಗುವುದಿಲ್ಲ.

ಮೂಳೆ ಮುರಿದಿದೆಯೇ ಎಂಬುದನ್ನು ಮೊದಲು ನೋಡಬೇಕು. ಇದಕ್ಕೆ 1992ರಲ್ಲಿ ಪ್ರಕಟವಾದ ಕೆನಡಾದ ‘ಒಟ್ಟಾವಾ ನಿಯಮ’ ಇಂದಿಗೂ ಬಳಕೆಯಲ್ಲಿದೆ. ಬಿದ್ದ ಕೂಡಲೇ ಮತ್ತು ಪರೀಕ್ಷಿಸುವಾಗ, ಎರಡು ಸಲವೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಬೇಕು. ಒಳಗಂಟು ಅಥವಾ ಹೊರಗಂಟಿನ ತುದಿಯನ್ನೋ, ಅಲ್ಲಿಂದ 6 ಸೆಂ.ಮೀ. ಮೇಲಿನವರೆಗೆ ಮೂಳೆಯ ಹಿಂಬದಿ ಅಂಚನ್ನೋ ಒತ್ತಿದರೆ ನೋಯುತ್ತಿದ್ದರೂ ಬೇಕು. ಪಾದದ ಹೊರ ಅಂಚಿನ ನಡುವೆ ಕಿರುಬೆರಳಿನ ಮೂಳೆ ಶುರುವಾಗುವ ಕಡೆ ಅಥವಾ ಒಳಗಂಟಿನ ಮುಂದೆ ಉಬ್ಬಿರುವ ಮೂಳೆಯ ಮೇಲೆ ಒತ್ತಿದಾಗ ನೋವಿದ್ದರೂ ಅಷ್ಟೆ. ಊತ ಎಷ್ಟಿದೆ ಎಂಬುದರಿಂದ ಮೂಳೆಯ ಸ್ಥಿತಿ ತಿಳಿಯುವುದಿಲ್ಲ.

ಮೊದಲ ಎರಡು ಮೂರು ದಿನ ಬಿಸಿಯೆಣ್ಣೆ ಹಾಕಿ ತಿಕ್ಕುವುದು, ‘ಉಳುಕು ತೆಗೆಸುವುದು’ ಬೇಡ. ಹರಿದ ಜಾಗದಲ್ಲಿ ರಕ್ತಸ್ರಾವ ಹೆಚ್ಚಿ ಊತ ಗಟ್ಟಿಯಾಗುತ್ತದೆ. ಐಸನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಟ್ಟರೆ ನೋವು ತಗ್ಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಮಾತ್ರ ಐಸ್ ಮುಟ್ಟಬಾರದು. ಕ್ರೇಪ್ ಬ್ಯಾಂಡೇಜನ್ನು ಗಂಟಿನ ಮೇಲಿಂದ ಸುತ್ತಲು ತೊಡಗುವುದು ಮಾಮೂಲಿ ತಪ್ಪು. ಊತ ಕೆಳಗಿಳಿದು ಬೆರಳುಗಳ ಹತ್ತಿರ ನಿಲ್ಲುತ್ತದೆ. ಬೆರಳಿನ ಬುಡದಿಂದ ಶುರುಮಾಡಿ, ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುತ್ತ ಮೇಲಕ್ಕೆ ಹೋಗಬೇಕು. ಗಂಟಿನ ಕೆಳಗಿನ ಗುಳಿಗೆ ಬ್ಯಾಂಡೇಜ್ ತಾಗುವುದೇ ಇಲ್ಲ, ನೀರು ನಿಲ್ಲುವುದೂ ಅಲ್ಲೇ. ಸ್ಪಂಜನ್ನು ಕುದುರೆ ಲಾಳದ ಆಕಾರದಲ್ಲಿ ಕತ್ತರಿಸಿ, ಗಂಟನ್ನು ಬಳಸುವಂತೆ ಒಳಗಿಟ್ಟು ಸುತ್ತಿದರೆ ಊತ ಬೇಗ ಇಳಿಯುತ್ತದೆ. ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ ತಕ್ಷಣ ಸಡಿಲಿಸಿ.

ಕಾಲಿನ ಮೇಲೆ ಭಾರ ಹಾಕಲು ಆದ ಕೂಡಲೇ ನಡಿಗೆ ಶುರುವಾಗಲಿ. ಊರುಗೋಲು ಒಂದೇ ಇದ್ದರೆ ಅದು ನೋವಿಲ್ಲದ ಕಡೆಯ ಕೈಯಲ್ಲಿರಬೇಕು. ಹೆಜ್ಜೆ ಚಿಕ್ಕದಾದರೂ ಸರಿ, ಹಿಮ್ಮಡಿ ಮೊದಲು ಊರಿ. ಬೆರಳ ಮೇಲೆ ಕುಂಟುತ್ತ ನಡೆದರೆ ಪಾದವನ್ನು ಮೇಲಕ್ಕೆ ಮಡಚುವ ಚಲನೆ ಬಿಗಿದುಕೊಳ್ಳುತ್ತದೆ, ಆಮೇಲೆ ಮೆಟ್ಟಿಲಿಳಿಯುವುದು, ಕುಕ್ಕರಗಾಲಲ್ಲಿ ಕೂರುವುದು ಎರಡೂ ಕಷ್ಟ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಪಾದ ಆಗ ಉಳುಕಿದ ದಿಕ್ಕಿಗೇ ತಿರುಗಿ, ಹರಿದ ಲಿಗಮೆಂಟ್ ಎಳೆಯಲ್ಪಡುತ್ತದೆ. ಮೊದಲ ಮೂರು ವಾರ ಊಟಕ್ಕೂ ಪೂಜೆಗೂ ಕುರ್ಚಿಯೇ ಇರಲಿ, ವಜ್ರಾಸನವೂ ಬೇಡ.

ಎರಡನೇ ವಾರದ ಹೊತ್ತಿಗೆ ನೋವು ಅರ್ಧಕ್ಕಿಳಿಯುತ್ತದೆ, ಹೆಚ್ಚಿನವರು ಚಿಕಿತ್ಸೆ ಬಿಡುವುದೂ ಆಗಲೇ. ನಿಜವಾದ ಕೆಲಸ ಇನ್ನೂ ಬಾಕಿಯಿರುತ್ತದೆ. ಪಾದ ಮಗುಚುವ ಕ್ಷಣದಲ್ಲಿ ಅದನ್ನು ಹೊರಕ್ಕೆಳೆದು ಕಾಯುವುದು ಕಣಕಾಲಿನ ಹೊರಬದಿಯ ಸ್ನಾಯುಗಳು. ಉಳುಕಿದ ಮೇಲೆ ಅವು ಸೋಲುತ್ತವೆ, ತಡವಾಗಿ ಎಚ್ಚರಗೊಳ್ಳುತ್ತವೆ. ಅದೇ ಕಾಲು ಮತ್ತೆ ಮತ್ತೆ ಉಳುಕುವುದರ ಮುಖ್ಯ ಕಾರಣ ಇದು.

ಈ ಸ್ನಾಯುಗಳ ವ್ಯಾಯಾಮಕ್ಕೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸಾಕು. ಮಂಚದ ಕಾಲಿಗೆ ಕಟ್ಟಿ, ಕಾಲು ಚಾಚಿ ಕೂತು, ಪಾದದ ಮುಂಭಾಗಕ್ಕೆ ಸಿಕ್ಕಿಸಿ ಹೊರಕ್ಕೆ ಎಳೆಯಿರಿ. ವಾಪಸ್ ಬರುವಾಗ ಮೂರೆಣಿಸುವಷ್ಟು ನಿಧಾನ. 15ರಂತೆ ಮೂರು ಸುತ್ತು. ಇಡೀ ಕಾಲನ್ನೇ ಮಂಡಿಯಿಂದ ತಿರುಗಿಸಿದರೆ ಆ ಸ್ನಾಯುಗಳಿಗೆ ಕೆಲಸವೇ ಸಿಗದು. ಮಂಡಿಚಿಪ್ಪು ಛಾವಣಿ ನೋಡುತ್ತಲೇ ಇರಬೇಕು. ಹಿಮ್ಮಡಿ ಎತ್ತುವ ವ್ಯಾಯಾಮದಲ್ಲಿ ತೂಕ ಕಿರುಬೆರಳಿನತ್ತ ಜಾರದೆ ಹೆಬ್ಬೆರಳಿನ ಬುಡದ ಮೇಲಿರಲಿ. ಒಂಟಿಕಾಲಲ್ಲಿ 20 ಸಲ ಎತ್ತುವುದು ಗುರಿ.

ಗೋಡೆಯ ಪಕ್ಕ, ಬರಿಗಾಲಲ್ಲಿ, ಒಂಟಿಕಾಲಿನ ಮೇಲೆ 30 ಸೆಕೆಂಡು ನಿಲ್ಲಿ. ದಿನಾ ಹಲ್ಲುಜ್ಜುವಾಗಲೇ ಮಾಡಿಕೊಳ್ಳಬಹುದು. ಅಲುಗಾಡದೆ ನಿಂತಾಗ ಕಣ್ಣು ಮುಚ್ಚಿ, ಅದೂ ಸಲೀಸಾದಾಗ ಮಡಚಿದ ಕಂಬಳಿಯ ಮೇಲೆ. ಆಟಗಾರರು ಮುಂದೆ ಗೆರೆ ದಾಟಿ ಅಕ್ಕಪಕ್ಕಕ್ಕೆ ಒಂಟಿಕಾಲಲ್ಲಿ ಜಿಗಿಯಬೇಕು, ದಿಕ್ಕು ಬದಲಿಸುತ್ತ ಓಡಬೇಕು. ಅಂಕಣಕ್ಕೆ ಇಳಿಯುವ ಮುನ್ನ ಗೋಡೆಯ ಪರೀಕ್ಷೆ ಮಾಡಿ: ಹಿಮ್ಮಡಿ ಎತ್ತದೆ ಮಂಡಿ ಗೋಡೆಗೆ ತಾಗುವಂತೆ ಪಾದವನ್ನು ಎಷ್ಟು ಹಿಂದೆ ಇಡಬಹುದೆಂದು ಅಳೆಯಿರಿ. ಎರಡು ಕಾಲಿನ ನಡುವೆ 2 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಬಡ್ಡಿ ಇನ್ನೂ ದೂರ. ಲೇಸ್ ಕಟ್ಟುವ ಆಂಕಲ್ ಬ್ರೇಸನ್ನು ಆಟದ ಹೊತ್ತಿಗೆ ಹಾಕಿಕೊಳ್ಳುವುದು ಒಳ್ಳೆಯದು, ಆದರೆ ಅದು ವ್ಯಾಯಾಮಕ್ಕೆ ಬದಲಿಯಲ್ಲ.

ಆರು ವಾರ ಕ್ರಮವಾಗಿ ಮಾಡಿದ ಮೇಲೂ ಕೀಲಿನ ಆಳದಲ್ಲಿ ನೋವಿದ್ದರೆ, ಕೀಲು ಸಿಕ್ಕಿಕೊಂಡಂತಾದರೆ ಒಳಗಿನ ಮೃದ್ವಸ್ಥಿಗೆ ಪೆಟ್ಟಾಗಿರಬಹುದು, ಸ್ಕ್ಯಾನ್ ಆಗಬೇಕು. ಮೂರರಿಂದ ಆರು ತಿಂಗಳ ವ್ಯಾಯಾಮದ ನಂತರವೂ ಸಮತಟ್ಟು ನೆಲದ ಮೇಲೆಯೇ ಪಾದ ಮಗುಚುತ್ತಿದ್ದರೆ ಆಪರೇಷನ್ ಮಾತನ್ನು ಆಗ ಎತ್ತಬಹುದು.