ಕಾರ್ನೇರನ ಎಡಗೈ ಮತ್ತು ಹಿಗ್ಗದ ತಲೆಬುರುಡೆ

ಆರೂವರೆ ಅಡಿ ಎತ್ತರ, ಸುಮಾರು 120 ಕಿಲೋ ತೂಕ. ಇಟಲಿಯ ಸೆಕ್ವಾಲ್ಸ್ ಎಂಬ ಊರಿನ ಪ್ರೀಮೋ ಕಾರ್ನೇರ ಫ್ರಾನ್ಸಿನ ಸರ್ಕಸ್ಸಿನಿಂದ ಬಾಕ್ಸಿಂಗಿಗೆ ಬಂದವನು. 1930ರಲ್ಲಿ ಅಮೆರಿಕಕ್ಕೆ ಹೋದ. ಅಲ್ಲಿ ರೌಡಿಗಳ ಕೂಟವೊಂದು ಅವನನ್ನು ಆಡಿಸಿತು. ಅವನ ಎಷ್ಟೋ ಪಂದ್ಯಗಳು ಮೊದಲೇ ಮಾತಾಡಿಕೊಂಡವು ಎಂಬ ಅನುಮಾನ ಇವತ್ತಿಗೂ ಹೋಗಿಲ್ಲ. ನನ್ನನ್ನು ಅದಕ್ಕಿಂತ ಜಾಸ್ತಿ ಕಾಡುವುದು 1933ರ ಫೆಬ್ರವರಿ 10ರ ರಾತ್ರಿ.

ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. 13ನೇ ಸುತ್ತು. ಕಾರ್ನೇರನ ಎಡಗೈ ನೇರವಾಗಿ ಬಂದು ಎದುರಾಳಿ ಎರ್ನಿ ಶಾಫ್‌ಗೆ ತಗುಲಿತು. ಅಂಥಾ ಏಟೇನೂ ಅಲ್ಲ. ಶಾಫ್ ಕುಸಿದ. ಜನ ಮೋಸ ಮೋಸ ಎಂದು ಕೂಗಿದರು. ನಾಲ್ಕನೇ ದಿನ ಶಾಫ್ ಸತ್ತ. ಆಗ ಮಾತೇ ತಿರುಗಿತು: ದೈತ್ಯನ ಕೈಗೆ ಸಿಕ್ಕವನು ಉಳಿಯುತ್ತಾನಾ?

ಎರಡೂ ತಪ್ಪು. ಎಲ್ಲರೂ ಕೈಯನ್ನೇ ನೋಡಿದರು, ತಲೆಯನ್ನು ಯಾರೂ ನೋಡಲಿಲ್ಲ.

ಕಾಲು ಉಳುಕಿದರೆ ಊದಿಕೊಳ್ಳುತ್ತದೆ, ಚರ್ಮ ಹಿಗ್ಗಿ ಜಾಗ ಕೊಡುತ್ತದೆ. ಬುರುಡೆ ಹಿಗ್ಗುವುದಿಲ್ಲ. ಒಳಗಿರುವುದು ಮಿದುಳು, ರಕ್ತ ಮತ್ತು ನೀರಿನಂಥ ಒಂದು ದ್ರವ. ಒಂದು ಹೆಚ್ಚಾದರೆ ಇನ್ನೊಂದು ಜಾಗ ಬಿಡಬೇಕು. ಬೆಳಗಿನ ಸಿಟಿ ಬಸ್ಸು ಹೀಗೇ ಅಲ್ವಾ? ‘ಒಳಗೆ ಹೋಗ್ರಿ’ ಅಂದಷ್ಟೂ ಸಲ ಜನ ಸರಿದು ನಿಲ್ಲುತ್ತಾರೆ. ಆಮೇಲೆ ಒಬ್ಬ ಹುಡುಗ ಹತ್ತಿದರೂ ಬಾಗಿಲು ಮುಚ್ಚುವುದಿಲ್ಲ. ಕಂಠಮಟ್ಟ ತುಂಬಿದ ಉಪ್ಪಿನಕಾಯಿ ಭರಣಿಯೂ ಅಷ್ಟೇ, ಇನ್ನೊಂದು ಹೋಳು ತುರುಕಿದರೆ ರಸ ಉಕ್ಕುತ್ತದೆ. ಮಿದುಳು ಊದುವಾಗ ಮೊದಮೊದಲು ದ್ರವ ಬೆನ್ನುಹುರಿಯ ಕಡೆ ಸರಿಯುತ್ತದೆ, ಒತ್ತಡ ಅಷ್ಟಾಗಿ ಏರುವುದಿಲ್ಲ. ಸರಿಯಲು ಜಾಗ ಮುಗಿದ ಮೇಲೆ ಚೂರೇ ಚೂರು ಊತಕ್ಕೂ ಒತ್ತಡ ಸರ್ರನೆ ಏರುತ್ತದೆ. ರಕ್ತ ಒಳಗೆ ಬರಲಾರದು. ಮಿದುಳು ಬುರುಡೆಯ ಬುಡದ ಕಂಡಿಯತ್ತ ನೂಕಿಕೊಳ್ಳುತ್ತದೆ. ಉಸಿರಾಟ ನಡೆಸುವ ಭಾಗ ಇರುವುದು ಅಲ್ಲೇ.

ಶಾಫ್‌ನ ಬಸ್ಸು ಮೊದಲೇ ತುಂಬಿತ್ತು. 1932ರ ಆಗಸ್ಟ್‌ನಲ್ಲಿ ಷಿಕಾಗೋದಲ್ಲಿ ಮ್ಯಾಕ್ಸ್ ಬೇರ್ ಎಂಬ ಬಾಕ್ಸರ್ ಅವನನ್ನು ಎಚ್ಚರ ತಪ್ಪುವ ಹಾಗೆ ಹೊಡೆದಿದ್ದ. ಆಮೇಲೆ ಶಾಫ್ ತಲೆನೋವು ತಲೆನೋವು ಎನ್ನುತ್ತಿದ್ದ. ಮೇಲೆ ಫ್ಲೂ ಬೇರೆ. ಶವಪರೀಕ್ಷೆಯಲ್ಲಿ ಮಿದುಳಿನ ಪೊರೆಗೆ ತಗುಲುವ ಮೆನಿಂಜೈಟಿಸ್ ಕಂಡಿತು. ಅಂಥವನನ್ನು ರಿಂಗಿಗೆ ಹತ್ತಿಸಿದರಲ್ಲ, ಅದು ನನಗೆ ಇವತ್ತಿಗೂ ನುಂಗಲಾಗದ ಮಾತು.

1933ರ ಜೂನ್ 29ರಂದು ಕಾರ್ನೇರ ಜ್ಯಾಕ್ ಶಾರ್ಕಿಯನ್ನು 6ನೇ ಸುತ್ತಿನಲ್ಲಿ ಕೆಡವಿ ಹೆವಿವೇಯ್ಟ್ ವಿಶ್ವ ಚಾಂಪಿಯನ್ ಆದ. ಅದರ ಮೇಲೂ ಅನುಮಾನ ಬಂತು. ಮರುವರ್ಷ ಜೂನ್ 14ರಂದು ಎದುರಿಗೆ ನಿಂತದ್ದು ಅದೇ ಮ್ಯಾಕ್ಸ್ ಬೇರ್. ಕಾರ್ನೇರ ಮತ್ತೆ ಮತ್ತೆ ಬಿದ್ದ, ಮತ್ತೆ ಮತ್ತೆ ಎದ್ದ. 11ನೇ ಸುತ್ತಿನಲ್ಲಿ, ಅವನು ಇನ್ನೂ ಕಾಲ ಮೇಲೆ ನಿಂತಿರುವಾಗಲೇ, ರೆಫರಿ ಪಂದ್ಯ ನಿಲ್ಲಿಸಿದರು.